ಹಳದಿ-ಹಸಿರು ವೈರಿನ ಕೊನೆಯ ಪ್ಲಗ್

ಜೇವರ್ಗಿಯ ಹೊರಗಿನ ರಸ್ತೆಯಲ್ಲಿ ಅಪ್ಪನ ಗ್ಯಾರೇಜ್ ಇದೆ. ನಮ್ಮಲ್ಲಿ ಲಾರಿಗಳ ವೈರಿಂಗ್ ಕೆಲಸ ಮಾತ್ರ; ಎಂಜಿನ್ ಬಿಚ್ಚುವವರು ಪಕ್ಕದ ಶೆಡ್ಡಿನವರು. ಅಪ್ಪ ಟೆಸ್ಟ್ ಲ್ಯಾಂಪ್ ಹಿಡಿದು ಕೆಲಸ ಕಲಿತವನು, ನಾನು ಡಿಪ್ಲೊಮಾ ಓದಿ ಬಂದವಳು. ಗ್ಯಾರೇಜಿಗೆ ಬಂದ ಮೊದಲ ವಾರವೇ ನಾನು ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಲಾರಿಗೂ ಒಂದು ಪುಟ, ಪುಟಕ್ಕೆ ಐದು ಕಾಲಂ: ದಿನ, ಜಾಗ, ಕಂಡದ್ದು, ಮಾಡಿದ್ದು, ಕಾರಣ. ಕೊನೆಯ ಹಾಳೆಗಳನ್ನು ಬೇರೆ ಇಟ್ಟಿದ್ದೆ. ಅಲ್ಲಿ ‘ಹೊರಬಂದ ಸಾಮಾನು’ ಎಂದು ಬರೆದು, ಲಾರಿಯಿಂದ ತೆಗೆದ ಪ್ರತಿ ಕ್ಲಿಪ್ಪು, ಸ್ಕ್ರೂ, ಹಳೆಯ ಫ್ಯೂಸ್ ಎಷ್ಟೆಂದು ಲೆಕ್ಕ ಹಾಕುತ್ತಿದ್ದೆ. ಅಪ್ಪ ಬಿಚ್ಚಿದ್ದನ್ನು ಎಲ್ಲಿಟ್ಟೆನೆಂದು ಮರೆಯುತ್ತಿದ್ದ. ನಾನು ಎಲ್ಲವನ್ನೂ ಚೀಟಿ ಕಟ್ಟಿ ಬಿಸ್ಕೀಟ್ ಡಬ್ಬಿಗೆ ಹಾಕುತ್ತಿದ್ದೆ.

ಈಗ ಹೇಳುವ ಪುಟ ಆಳಂದದ ಸಾವ್ಕಾರರ ಹೊಸ ಹತ್ತು ಗಾಲಿ ಲಾರಿಯದು. ಅವರಿಗೆ ಆಳಂದದಲ್ಲಿ ತೊಗರಿ ಕೊಳ್ಳುವ-ಮಾರುವ ಅಡತಿ ಅಂಗಡಿ ಇದೆ, ನಾಲ್ಕು ಲಾರಿಗಳಿವೆ. ನಾಲ್ಕೂ ನಮ್ಮಲ್ಲಿಗೇ ಬರುತ್ತಿದ್ದವು. ಹೊಸ ಲಾರಿಯನ್ನು ನಡೆಸುತ್ತಿದ್ದವರು ಅಫಜಲಪುರದ ಒಬ್ಬ ಚಾಚಾ. ವಯಸ್ಸು ಅರವತ್ತಕ್ಕೆ ಹತ್ತಿರ. ಹಳ್ಳಿಗಳಿಂದ ತೊಗರಿ ಒಯ್ಯುವುದು, ತಿರುಗಿ ಬರುವಾಗ ನೆಲಕ್ಕೆ ಹಾಸುವ ಕಲ್ಲು ತರುವುದು ಅವರ ಕೆಲಸ. ಶೋರೂಮಿನಿಂದ ಬಂದ ದಿನದಿಂದ ಆ ಲಾರಿಯ ಚಾವಿ ಬೇರೆಯವರ ಕೈಗೆ ಹೋಗಿರಲಿಲ್ಲ.

ಆ ಪುಟದಲ್ಲಿ ಮೊದಲ ಸಾಲು ದಸರಾದ ಮರುವಾರದ್ದು. ಜಾಗ: ನಿಂಬರ್ಗಾ. ಕಂಡದ್ದು: ಸ್ಪೀಡಿನ ಮುಳ್ಳು ಸೊನ್ನೆಗೆ ಬಿತ್ತು, ದೀಪಗಳೆಲ್ಲ ಹತ್ತಿದವು, ಗಾಡಿ ಎಳೆಯಲಿಲ್ಲ. ಸ್ವಲ್ಪ ಹೊತ್ತು ಚಾವಿ ತೆಗೆದಿಟ್ಟು ಮತ್ತೆ ಹಾಕಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಎಳ್ಳಮಾವಾಸ್ಯೆ ಹತ್ತಿರ ಬರುವಷ್ಟರಲ್ಲಿ ಇಂಥವೇ ಎಂಟು ಸಾಲುಗಳಾದವು.

ಪ್ರತಿ ಸಲವೂ ನಾನು ಲಾರಿಯ ದೋಷ ಓದುವ ಸ್ಕ್ಯಾನರ್ ಚುಚ್ಚಿ ನೋಡುತ್ತಿದ್ದೆ. ಈಗಿನ ಲಾರಿಯಲ್ಲಿ ಎಂಜಿನ್ನಿಗೆ ಒಂದು, ಬ್ರೇಕಿಗೆ ಒಂದು, ಹೊಗೆ ಶುದ್ಧ ಮಾಡುವುದಕ್ಕೆ ಒಂದು, ಮುಳ್ಳು-ದೀಪಗಳ ಫಲಕಕ್ಕೆ ಒಂದು, ಹೀಗೆ ಬೇರೆ ಬೇರೆ ಇಸಿಎಂಗಳು, ಅಂದರೆ ಸಣ್ಣ ಕಂಪ್ಯೂಟರುಗಳು, ಇರುತ್ತವೆ. ಗ್ಯಾರೇಜಿನಲ್ಲಿ ನಾವು ‘ಡಬ್ಬಿ’ ಎನ್ನುತ್ತೇವೆ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬೇರೆ ಬೇರೆ ವೈರು ಎಳೆದಿರುವುದಿಲ್ಲ. ಹಳದಿ ಮತ್ತು ಹಸಿರು, ಎರಡೇ ವೈರು ಜಡೆಯಂತೆ ಹೆಣೆದುಕೊಂಡು ಲಾರಿಯ ಉದ್ದಕ್ಕೂ ಹೋಗುತ್ತವೆ. ಎಲ್ಲ ಡಬ್ಬಿಗಳೂ ಓಣಿಯ ಮನೆಗಳಂತೆ ಅದಕ್ಕೇ ಅಂಟಿಕೊಂಡಿರುತ್ತವೆ. ಎಂಜಿನ್ ಡಬ್ಬಿ ತನ್ನ ವೇಗವನ್ನು ಸೆಕೆಂಡಿಗೆ ಹಲವಾರು ಸಲ ಕೂಗಿ ಹೇಳುತ್ತದೆ. ಓಣಿಯಲ್ಲಿರುವ ಎಲ್ಲರಿಗೂ ಕೇಳುತ್ತದೆ. ಯಾರಿಗೆ ಬೇಕೋ ಅವರು ತೆಗೆದುಕೊಳ್ಳುತ್ತಾರೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ, ಯಾರ ಮಾತು ಹೆಚ್ಚು ಅವಸರದ್ದೋ ಅವರದು ಮುಂದೆ ಹೋಗುತ್ತದೆ, ಇನ್ನೊಬ್ಬರು ತಡೆದು ಆಮೇಲೆ ಹೇಳುತ್ತಾರೆ.

ಆ ಲಾರಿಯಲ್ಲಿ ಎಂಜಿನ್ ಡಬ್ಬಿ ‘ಬ್ರೇಕಿನವನ ಮಾತು ಕೇಳಲಿಲ್ಲ’ ಎಂದು ದೂರು ಬರೆದಿಟ್ಟಿತ್ತು. ಬ್ರೇಕಿನದು ‘ಎಂಜಿನ್ನಿನವನ ಮಾತು ಕೇಳಲಿಲ್ಲ’ ಎಂದಿತ್ತು. ಹೊಗೆಯ ಡಬ್ಬಿಗೆ ಯಾರ ಮಾತೂ ಕೇಳಿರಲಿಲ್ಲ. ನಾನು ದೂರುಗಳನ್ನು ಅಳಿಸಿ ಕಳಿಸುತ್ತಿದ್ದೆ. ಒಂದು ಸಲ ಬ್ಯಾಟರಿಯ ಕೊಂಡಿ ಬಿಗಿ ಮಾಡಿದೆ, ಎರಡು ಸಲ ಸೆನ್ಸರ್ ಬದಲಿಸಿದೆ. ಗ್ಯಾರೇಜಿನ ಅಂಗಳದಲ್ಲಿ ಲಾರಿ ಒಮ್ಮೆಯೂ ಹಟ ಮಾಡಲಿಲ್ಲ. ಕಾರಣದ ಕಾಲಂ ಖಾಲಿ ಬಿಡುವುದು ನನಗೆ ಆಗುವುದಿಲ್ಲ. ಎಂಟರಲ್ಲಿ ಐದು ಸಾಲುಗಳ ಮುಂದೆ ‘ಚಾಲಕ?’ ಎಂದು ಬರೆದೆ.

ಎಂಟನೆಯ ಸಲದ ನಂತರ ಸಾವ್ಕಾರರು ತಾವೇ ಗ್ಯಾರೇಜಿಗೆ ಬಂದರು. ಚಾಚಾ ಲಾರಿಯ ಪಕ್ಕ ಟವೆಲ್ ಹಿಂಡುತ್ತ ನಿಂತಿದ್ದರು, ಅಪ್ಪ ನನ್ನ ಹಿಂದೆ ಇದ್ದ.

“ಅಲ್ಲ ತಂಗಿ,” ಎಂದರು ಸಾವ್ಕಾರರು, “ಗಾಡಿ ಹೊಸಾದು, ಅದ್ಯಾಕ ನಿಂದರ್ತದ? ಹೊಡಿಯಾಂವ ಹಳೇ ಆಗ್ಯಾನ, ಅದು ಹೇಳು.”

“ಮುಳ್ಳು ದಪ್ಪಂತ ಬೀಳ್ತದ್ರಿ ಸಾವ್ಕಾರ್ರ,” ಎಂದರು ಚಾಚಾ. “ಎಲ್ಲಾ ಕೆಂಪು ದೀಪ ಹತ್ತತಾವ್ರಿ. ಆಮ್ಯಾಲ ಎಷ್ಟ್ ಒತ್ತಿದ್ರೂ ಜಗ್ಗಂಗಿಲ್ರಿ.”

“ದೀಪ ಹತ್ತಿದ್ದು ನಾ ಕಂಡಿಲ್ಲ. ಗಾಡಿ ನಿಂತಿದ್ದು ಫೋನಿನ ಜಿಪಿಎಸ್‌ನ್ಯಾಗ ಕಂಡೀನಿ. ಇನ್ನೊಂದು ಸಲ ನಿಂತ್ರ ಚಾವಿ ಅಂಗಡ್ಯಾಗ ಇಟ್ಟು ಹೋಗು. ಕೇಳಾವ್ರು ಭಾಳ ಮಂದಿ ಅದಾರ.”

ಆ ವಯಸ್ಸಿನಲ್ಲಿ ಚಾಚಾರಿಗೆ ಮತ್ತೊಬ್ಬರು ಹೊಸ ಲಾರಿ ಕೊಡುವುದಿಲ್ಲವೆಂಬುದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಯಾರದೋ ಲಾರಿಯಲ್ಲಿ ಎರಡನೆಯ ಡ್ರೈವರ್ ಆಗಿ ಕೂರಬೇಕು, ಇಲ್ಲವೇ ಮನೆಯಲ್ಲಿ. ಸಾವ್ಕಾರರು ಹೋದ ಮೇಲೆ ಚಾಚಾ ನನ್ನ ನೋಟ್‌ಬುಕ್ಕಿನ ಕಡೆ ನೋಡಿದರು. ಅವರಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ.

“ಎಲ್ಲಾ ಬರ್ಕೊಂಡೀಯಲ್ಲ ಬೇಟಿ?”

“ಬರ್ದೀನ್ರಿ ಚಾಚಾ.”

“ಬರಿ, ಬರಿ. ನನ್ನ ಕಡೆ ಮಾತಾಡಾಕ ಒಂದು ಪುಸ್ತಕರ ಇರ್ಲಿ,” ಎಂದು ನಕ್ಕರು.

ಒಂಬತ್ತನೆಯದು ಆರು ದಿನಕ್ಕೆ, ಚೌಡಾಪುರದಲ್ಲಿ. ಅಫಜಲಪುರದಲ್ಲಿ ಕಲ್ಲು ಇಳಿಸಿ ಖಾಲಿ ಬರುವಾಗ ನಿಂತಿತು. ಚಾಚಾ ಸಾವ್ಕಾರರಿಗಿಂತ ಮೊದಲು ನನಗೆ ಫೋನ್ ಮಾಡಿದರು. ಮೀಟರನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಬದಲಿಸಿ ಹೋದಾಗ ಮಧ್ಯಾಹ್ನವಾಗಿತ್ತು. ಲಾರಿ ಬೇವಿನ ಮರದ ಕೆಳಗೆ ನಿಂತಿತ್ತು. ಚಾಚಾ ಪಕ್ಕದ ಅಂಗಡಿಯಿಂದ ಎರಡು ಚಹಾ ತಂದಿದ್ದರು.

ಈ ಸಲ ನಾನು ಸ್ಕ್ಯಾನರ್ ಒಯ್ದಿರಲಿಲ್ಲ. ಡಬ್ಬಿಗಳ ದೂರು ಓದಿ ಓದಿ ಬೇಸತ್ತು, ಓಣಿಯನ್ನೇ ಒಮ್ಮೆ ಅಳೆಯೋಣವೆಂದು ಬಂದಿದ್ದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ. ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಚುಚ್ಚುವ ಜಾಗದಲ್ಲಿ ಹಳದಿ-ಹಸಿರಿನ ಎರಡು ಪಿನ್ನುಗಳಿಗೆ ಮೀಟರಿನ ಕಡ್ಡಿ ಹಚ್ಚಿದೆ.

“ಎಷ್ಟದ?”

“ನೂರಾ ಇಪ್ಪತ್ತು ಓಮ್, ಚಾಚಾ.”

“ಎಷ್ಟಿರಬೇಕು?”

“ಅರವತ್ತು.”

“ಡಬಲ್ ಅದ! ಛಲೋನೇ ಆತಲ್ಲ?”

“ಛಲೋ ಅಲ್ರಿ. ನಿಮ್ಮ ಹೊಲದಾಗ ಬಾವಿ ಅದ ಏನ್ರಿ?”

“ಅದ. ನೀರೊಂದಿಲ್ಲ.”

“ಅದರಾಗ ಬಗ್ಗಿ ಒದರಿದ್ರ?”

“ನನ್ನ ಮಾತ ನನಗ ವಾಪಸ್ ಬರ್ತದ.”

“ಈ ವೈರಿನ್ಯಾಗೂ ಹಂಗ. ತುದಿಗೆ ಹೋದ ಮಾತು ಬಡದು ವಾಪಸ್ ಬರ್ತದ. ಹೊಸಾ ಮಾತು, ವಾಪಸ್ ಬಂದ ಮಾತು ಎರಡೂ ಒಮ್ಮೊಮ್ಮೆ ಕೂಡಿಬಿಡ್ತಾವ, ಆಗ ಡಬ್ಬಿಗೋಳಿಗೆ ಏನೂ ತಿಳಿಯಂಗಿಲ್ಲ. ಅದಕ್ಕ ಎರಡೂ ತುದಿಗೆ ಮಾತು ನುಂಗೂ ಸಣ್ಣ ಪ್ಲಗ್ ಇರ್ತಾವ. ಒಂದೊಂದು ನೂರಾ ಇಪ್ಪತ್ತಿಂದು. ಎರಡೂ ಇದ್ರ ಮೀಟರಿನ್ಯಾಗ ಅರವತ್ತು ಬರ್ತದ. ಈಗ ಒಂದೇ ಅದ.”

“ಇನ್ನೊಂದು ಎಲ್ಲಿ ಹೋತು?”

“ನೋಡ್ತೇನ್ರಿ.”

ಕ್ಯಾಬಿನ್ನಿನ ಹಿಂದೆ ಚಾಸಿಯ ಗುಂಟ ಹಳದಿ-ಹಸಿರು ವೈರನ್ನು ಬೆರಳಿನಿಂದ ಹಿಡಿದುಕೊಂಡು ಹೋದೆ. ಕೊನೆಗೆ ಮೂರು ಪಿನ್ನಿನ ಒಂದು ಖಾಲಿ ಬಾಯಿ ಸಿಕ್ಕಿತು. ಅದಕ್ಕೆ ಕಪ್ಪು ಟೇಪು ಸುತ್ತಿತ್ತು. ಟೇಪಿನ ತುದಿಯನ್ನು ಸಣ್ಣಗೆ ಒಳಮಡಚಿ ಬಿಡಲಾಗಿತ್ತು, ಮುಂದೆ ಯಾರಾದರೂ ಬಿಚ್ಚುವಾಗ ಉಗುರಿಗೆ ಸಿಗಲೆಂದು. ನಮ್ಮ ಕಡೆ ಹಾಗೆ ಮಡಚುವವಳು ನಾನೊಬ್ಬಳೇ. ಅಪ್ಪ ಅದಕ್ಕಾಗಿ ಎಷ್ಟೋ ಸಲ ನಗೆಯಾಡಿದ್ದಾನೆ.

ನಾನು ಲಾರಿಯ ಕೆಳಗಿನಿಂದ ಎದ್ದು ಬಂದು, “ಒಂದು ಸಾಮಾನು ಬೇಕ್ರಿ. ಗ್ಯಾರೇಜಿನ್ಯಾಗ ಅದ,” ಎಂದಷ್ಟೇ ಹೇಳಿದೆ.

ಬ್ಯಾಟರಿ ಜೋಡಿಸಿದ ಮೇಲೆ ಲಾರಿ ಹೊರಟಿತು. ಖಾಲಿ ಲಾರಿಯಲ್ಲಿ ಚಾಚಾರ ಪಕ್ಕ ಕುಳಿತು ಜೇವರ್ಗಿಯವರೆಗೆ ಬಂದೆ. ರಸ್ತೆಯ ಎರಡೂ ಕಡೆ ಕೊಯ್ಲಿಗೆ ಬಂದ ತೊಗರಿ. ಸಾವ್ಕಾರರ ಫೋನ್ ಬಂತು. ಚಾಚಾ ‘ಹೌದ್ರಿ, ಹೌದ್ರಿ, ನಾಳಿ ಮುಂಜಾನೆ ಚಾವಿ ತರ್ತೇನ್ರಿ’ ಎಂದು ಇಟ್ಟರು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು:

“ಬೇಟಿ, ನಗಬ್ಯಾಡ. ಮನಷಾ ಎಚ್ಚರ ಇದ್ದು ಕಾಲಿಗಷ್ಟ ನಿದ್ದಿ ಬರ್ತದೇನು?”

“ಯಾಕ್ರಿ ಚಾಚಾ?”

“ಮಟಕಿ ಊರಿನ ಹತ್ರ ಗಾಡಿ ನಿಂತಾಗಿಂದ ಎಡಗಾಲು ಹಿಂದ ಎಳಕೊಂಡು ಕುಂತು ಹೊಡಿಯಾಕತ್ತೇನಿ. ನನಗ ಗೊತ್ತಾಗದಂಗ ಕ್ಲಚ್ ಮ್ಯಾಲೆ ಹೋಗಿ ಕುಂದರ್ತದೋ, ಅದಕ್ಕ ಗಾಡಿ ಜಗ್ಗಂಗಿಲ್ಲೋ ಏನೋ ಅಂತ. ಸಾವ್ಕಾರ್ರು ಹೇಳಿದ್ದು ಖರೇ ಇದ್ದೀತು.”

ನೋಡಿದೆ. ಅವರ ಎಡಗಾಲು ಸೀಟಿಗೆ ಒತ್ತಿಕೊಂಡಿತ್ತು. ಗೇರ್ ಬದಲಿಸುವಾಗ ಮಾತ್ರ ಮುಂದೆ ಬಂದು ಮತ್ತೆ ಹಿಂದೆ ಹೋಗುತ್ತಿತ್ತು. ಮಟಕಿಯದು ನನ್ನ ಪುಟದಲ್ಲಿ ನಾಲ್ಕನೆಯ ಸಾಲು. ಖಾಲಿ ಬಾಯಿಗೆ ಸುತ್ತಿದ ಟೇಪು ನನ್ನದೆಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. “ನಿಮ್ಮ ಕಾಲು ಬರೋಬ್ಬರಿ ಅದರಿ,” ಎಂದೆ.

ಗ್ಯಾರೇಜಿನಲ್ಲಿ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದೆ. ದಸರಾದ ಮುಂಚಿನ ವಾರ, ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಲಾರಿಗಳು ಸಾಲುಗಟ್ಟುವ ಹೊತ್ತು. ಎಲ್ಲರಿಗೂ ಹೊಸ ಬಣ್ಣದ ದೀಪ ಬೇಕು, ಹಳೆಯ ವೈರು ಕಟ್ಟು ಹಾಕಿ ಚೊಕ್ಕ ಮಾಡಿಕೊಡಬೇಕು. ಈ ಲಾರಿಯ ಸಾಲಿನಲ್ಲಿ ನನ್ನದೇ ಅಕ್ಷರ: ಕ್ಲಿಪ್ಪು ನಾಲ್ಕು, ಹಳೆಯ ಫ್ಯೂಸ್ ಎರಡು, ಖಾಲಿ ಪ್ಲಗ್ ಒಂದು, ಹಿಂದೆ ವೈರಿಲ್ಲ, ಲ್ಯಾಂಪ್ ಹತ್ತಲಿಲ್ಲ. ಬಿಸ್ಕೀಟ್ ಡಬ್ಬಿಯಲ್ಲಿ ಚೀಟಿಯ ಸಮೇತ ಪ್ಲಗ್ ಇತ್ತು.

‘ಕರೆಂಟ್ ಇಲ್ಲದ್ದು ಗಾಡ್ಯಾಗ ಇರಬಾರ್ದು’ ಎನ್ನುವುದು ಅಪ್ಪನ ಕೆಲಸದ ಕ್ರಮ. ಟೆಸ್ಟ್ ಲ್ಯಾಂಪ್ ಹಚ್ಚಿ, ಹತ್ತದಿದ್ದರೆ ಕಿತ್ತು ಹಾಕುತ್ತಾನೆ. ಹಳೆಯ ಲಾರಿಗಳಿಗೆ ಅದು ಸರಿ. ಈ ಎರಡು ವೈರುಗಳಲ್ಲಿ ಓಡುವ ಕರೆಂಟಿಗೆ ಲ್ಯಾಂಪ್ ಹತ್ತುವುದೇ ಇಲ್ಲ, ಮಾತು ಮಾತ್ರ ಓಡುತ್ತದೆ. ಡಿಪ್ಲೊಮಾದಲ್ಲಿ ಅದನ್ನು ಚಿತ್ರ ಬರೆದು ಓದಿದ್ದೆ. ಅವತ್ತು ಒಂದೇ ದಿನ ಏಳು ಲಾರಿಗಳಿದ್ದವು; ಚಿತ್ರ ನೆನಪಾಗಲಿಲ್ಲ, ಅಪ್ಪನ ಮಾತು ನೆನಪಾಯಿತು.

ಅಪ್ಪನಿಗೆ ಪುಟ ತೋರಿಸಿದೆ. ಅವನು ಓದಿ, ಪ್ಲಗ್ಗನ್ನು ಅಂಗೈಯಲ್ಲಿ ತಿರುಗಿಸಿ ನೋಡಿದ.

“ಇದನ್ನ ಹಾಕಿಬಿಡು ಯವ್ವಾ. ಗಾಡಿ ನಡೀತದ, ಮುಗೀತು. ನಾಕೂ ಗಾಡಿ ಅವರ್ದs ಅದಾವ.”

“ಚಾಚಾ ನಾಳಿ ಚಾವಿ ಕೊಟ್ಟು ಬರ್ತಾರ, ಅಪ್ಪಾ.”

ಅಪ್ಪ ಪ್ಲಗ್ ನನ್ನ ಕೈಗೆ ಕೊಟ್ಟು, ಬ್ಯಾಟರಿ ಬಿಚ್ಚಲು ತಾನೇ ಹೋದ. ಪ್ಲಗ್ ಕೂಡಿಸಿ ಮೀಟರ್ ಹಿಡಿದೆ. ಅರವತ್ತು. ಅಪ್ಪ ಮೀಟರನ್ನು ಬಗ್ಗಿ ಎರಡು ಸಲ ನೋಡಿದ. “ಎಷ್ಟು ಗಂಟೆಕ್ಕ ಹೊಂಡ್ತಾನ ಅಂವ?” ಎಂದು ಕೇಳಿದ. “ನಾನೂ ಬರ್ತೇನಿ.”

ಮರುದಿನ ಬೆಳಿಗ್ಗೆ ಅದೇ ಲಾರಿಯಲ್ಲಿ ಮೂವರೂ ಆಳಂದಕ್ಕೆ ಹೋದೆವು. ಅಂಗಡಿಯ ಮುಂದೆ ತೊಗರಿ ಚೀಲ ಇಳಿಯುತ್ತಿದ್ದವು. ಚಾಚಾ ಚಾವಿಯನ್ನು ಸಾವ್ಕಾರರ ಗಾದಿಯ ಮೇಲಿಟ್ಟು ಹಿಂದೆ ಸರಿದರು. ನಾನು ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ಅದರ ಪಕ್ಕ ತೆರೆದಿಟ್ಟೆ. ಯಾವ ದಿನ, ಯಾವ ಪ್ಲಗ್, ಅದು ಏನು ಮಾಡುತ್ತದೆ, ಅದಿಲ್ಲದೆ ಏನಾಯಿತು, ತೆಗೆದವರು ಯಾರು, ಎಲ್ಲ ಹೇಳಿದೆ. ಸಾವ್ಕಾರರು ಓದಿ ಕನ್ನಡಕ ತೆಗೆದರು.

“ಅಂದ್ರ ಇದೆಲ್ಲಾ ನಿಮ್ಮದs ಕೆಲಸ.”

“ಹೌದ್ರಿ.”

“ಅಪ್ಪ-ಮಗಳು ಇಬ್ರೂ ಕೂಡೇ ಬಂದೀರಿ. ಬೈಸ್ಕೊಳ್ಳಾಕ ಒಬ್ರು ಸಾಕಿತ್ತು.”

“ಕಿತ್ತು ಹಾಕೂದು ಕಲಿಸಿದಾಂವ ನಾನ್ರಿ,” ಎಂದ ಅಪ್ಪ.

“ಉಳಿದ ಮೂರು ಗಾಡೀ ಮಾತು ಆಮ್ಯಾಲ ಹೇಳ್ತೇನಿ.” ಅವರು ಚಾವಿಯನ್ನು ಚಾಚಾರ ಕಡೆ ನೂಕಿದರು. “ತಗೋ ಮಾರಾಯಾ. ಮ್ಯಾಲೆ ಒಂದು ಚಹಾ ಕುಡಿ.”

ಚಾಚಾ ಚಾವಿ ಮುಟ್ಟಲಿಲ್ಲ. ನನ್ನನ್ನು ಇಷ್ಟು ಹೊತ್ತೂ ನೋಡಿರಲಿಲ್ಲ, ಈಗ ನೋಡಿದರು.

“ನನ್ನ ಗಾಡಿ ಪುಟ ತೆಗಿ. ಒಂಬತ್ತೂ ಓದು.”

ಓದಿದೆ. ನಿಂಬರ್ಗಾ, ಕಾರಣ: ಬ್ಯಾಟರಿ ಕೊಂಡಿ. ಎರಡನೆಯದಕ್ಕೆ ಬಂದೆ, ಕಾರಣ: ಚಾಲಕ, ಪ್ರಶ್ನೆ ಚಿಹ್ನೆ. ಮೂರನೆಯದು, ಚಾಲಕ. ನಾಲ್ಕನೆಯದು ಮಟಕಿ, ಚಾಲಕ.

“ಮಟಕ್ಯಾಗ ಅಲ್ಲ, ಮಟಕಿ ದಾಟಿ,” ಎಂದರು ಚಾಚಾ. “ಅದನ್ನೂ ತಿದ್ದು.”

ಪೂರ್ತಿ ಓದಿ ಮುಗಿಸಿದೆ. ಒಂಬತ್ತನೆಯ ಸಾಲಿನ ಕಾರಣ ಇನ್ನೂ ಖಾಲಿ ಇತ್ತು. ಪೆನ್ನು ತೆಗೆದು ಅಲ್ಲಿ ಬರೆದೆ.

“ಏನು ಬರ್ದಿ?”

“ಕೊನೆಯ ಪ್ಲಗ್ ಇರಲಿಲ್ಲ, ತೆಗೆದವಳು ನಾನು ಅಂತ ಬರ್ದೀನ್ರಿ.”

“ಉಳಿದ ಎಂಟಕ್ಕೂ ಬರಿ.”

ಹಳೆಯ ಕಾರಣಗಳ ಮೇಲೆ ಒಂದೊಂದಾಗಿ ಗೀಟು ಹಾಕಿ, ಅದೇ ಮಾತನ್ನು ಎಂಟು ಸಲ ಬರೆದೆ. ಕಾಲಂ ಸಣ್ಣದು, ಅಕ್ಷರ ಒತ್ತೊತ್ತಾಗಿ ಬಂದವು. ಚಾಚಾ ಪಕ್ಕದಲ್ಲಿ ಕುಳಿತು ಬೆರಳು ಮಡಚಿ ಎಣಿಸುತ್ತಿದ್ದರು. ಎಂಟಾದ ಮೇಲೆ ಚಹಾ ಕುಡಿದು, ಚಾವಿ ಎತ್ತಿಕೊಂಡು ಎದ್ದರು.

ತಿರುಗಿ ಬರುವಾಗ ಲಾರಿಯಲ್ಲಿ ತೊಗರಿಯ ಲೋಡಿತ್ತು. ಅಪ್ಪ ಕಿಟಕಿಯ ಕಡೆ, ನಾನು ನಡುವೆ. ಆಳಂದ ದಾಟಿ ರಸ್ತೆ ನೆಟ್ಟಗಾದ ಮೇಲೆ ಚಾಚಾ ಎಡಗಾಲನ್ನು ಮುಂದೆ ಚಾಚಿ, ಕ್ಲಚ್ಚಿನ ಪಕ್ಕದಲ್ಲಿ ಹಾಯಾಗಿ ಇಟ್ಟುಕೊಂಡರು.