ಮನೆಯಿಂದ ಹೊರಡದ ಕತ್ತೆ

ಆಗ ನನಗೆ ಐವತ್ತೆಂಟು. ಹನ್ನೊಂದು ವರ್ಷದ ಹಿಂದಿನ ಮಾತು. ಮರೆತಿದ್ದೇನೆ ಎಂದುಕೊಂಡಿದ್ದೆ. ಹೋದ ಸೋಮವಾರ ತುರುವೇಕೆರೆ ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬ ಹೆಂಗಸು ಬಂದು ಕೂತಳು. ಸೀರೆಯಿಂದ ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಟ್ರಂಕಿನಿಂದ ಆಗಷ್ಟೇ ತೆಗೆದು ಉಟ್ಟಿದ್ದಳೋ ಏನೋ. ನಮ್ಮೂರ ಶಾಲೆಯ ಹೆಡ್ ಮೇಡಂ ಹತ್ತಿರ ಬಂದರೂ ಇದೇ ವಾಸನೆ ಬರುತ್ತಿತ್ತು...

ನನಗೆ ಅಕ್ಷರ ಬಾರದು. ರುಜು ಹಾಕುತ್ತೇನೆ, ಅದರಾಚೆ ಇಲ್ಲ. ಇದನ್ನು ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಬರೆದುಕೊಳ್ಳುತ್ತಿದ್ದಾಳೆ. ಮಗಳ ಮಗಳು, ನನ್ನ ಹತ್ತಿರವೇ ಬೆಳೆದವಳು. ಆಗ ನಾಲ್ಕನೇ ಕ್ಲಾಸು. ಅವಳ ಪೋಷಕಿ ಎಂದು ನನ್ನನ್ನು ಶಾಲೆ ನೋಡಿಕೊಳ್ಳುವ ಸಮಿತಿಗೆ, ಅದೇ ಎಸ್‌ಡಿಎಂಸಿಗೆ ಹಾಕಿದರು, ಆ ಸಲ ಹೆಂಗಸೇ ಆಗಬೇಕು ಎಂದು ಅಧ್ಯಕ್ಷೆಯನ್ನೂ ಮಾಡಿದರು. ಹೇಳಿದ ಕಡೆ ರುಜು ಹಾಕುತ್ತಾಳೆ ಎನ್ನುವ ಧೈರ್ಯ ಅವರಿಗೆ.

ಶಾಲೆ ಸುಧಾರಿಸಲು ವರ್ಷಕ್ಕೊಂದು ಯೋಜನೆ ಮಾಡಿ ಮೇಲಕ್ಕೆ ಕಳಿಸಬೇಕು. ನಮ್ಮದು ಯಾವ ವರ್ಷವೂ ಬದಲಾಗುತ್ತಿರಲಿಲ್ಲ. ಕಾಂಪೌಂಡು, ಗೇಟು, ಸುಣ್ಣಬಣ್ಣ. ಆ ವರ್ಷವೂ ಸಭೆಯಲ್ಲಿ ಅದನ್ನೇ ಹೇಳಿದರು. ಹೆಡ್ ಮೇಡಂ ಹೊಸದಾಗಿ ಬಂದಿದ್ದರು. ಕುಳ್ಳಗೆ, ಕಪ್ಪಗೆ, ಮೆತ್ತಗೆ ಮಾತಾಡುವ ಹೆಂಗಸು. ಇನ್ನೊಂದು ವಾರ ಯೋಚನೆ ಮಾಡೋಣ ಎಂದರು, ಅಷ್ಟೆ.

ಆ ವಾರದಲ್ಲೇ ನಾನೂ ಮೊಮ್ಮಗಳೂ ತಿಪಟೂರಿಗೆ ಹೋಗಿದ್ದೆವು. ನಮ್ಮೂರಿಗೆ ದಬ್ಬೇಘಟ್ಟದ ಬಸ್ಸು ಹತ್ತಬೇಕು. ವಾಪಸು ಬರುವಾಗ ಬಸ್ಸಿನ ಬೋರ್ಡು ನೋಡುವುದು ಅವಳ ಕೆಲಸ. ನಾಲ್ಕು ವರ್ಷ ಶಾಲೆಗೆ ಹೋದ ಹುಡುಗಿ, ಪುಸ್ತಕ ಹಿಡಿದರೆ ನೀರು ಕುಡಿದ ಹಾಗೆ ಓದುತ್ತಾಳೆ ಎಂದು ನನಗೆ ಬಲು ಜಂಬ. "ಇದೇ ಕಣಜ್ಜಿ ದಬ್ಬೇಘಟ್ಟದ್ದು" ಎಂದಳು, ಹತ್ತಿದೆವು. ಟಿಕೆಟ್ ಕೇಳಿದಾಗ ಕಂಡಕ್ಟರ್ ನಕ್ಕ. "ಇದು ಕಂದಿಕೆರೆಗೆ ಹೋಗೋದು ಕಣಜ್ಜಿ. ಇಳೀರಿ, ಇಳೀರಿ." ಉರಿಬಿಸಿಲಲ್ಲಿ ನಡೆದುಕೊಂಡು ವಾಪಸು ಸ್ಟ್ಯಾಂಡಿಗೆ ಬಂದೆವು. ಬಸ್ಸಿನ ಬಣ್ಣ ನೋಡಿ ಹೇಳುತ್ತಿದ್ದಳಂತೆ ಇಷ್ಟು ದಿನ. ಪುಸ್ತಕದ ಪಾಠ ಬಾಯಿಪಾಠ.

ಮಾರನೇ ದಿನ ಶಾಲೆಗೆ ನುಗ್ಗಿದೆ. "ನಾಕ್ ವರ್ಷ ಏನ್ ಕಲ್ಸಿದ್ರಿ? ಬಸ್ಸಿನ ಬೋರ್ಡ್ ಓದಕ್ಕೆ ಬರಕ್ಕಿಲ್ಲ ನನ್ ಮೊಮ್ಮಗಳಿಗೆ!"

ಮೇಡಂ ಕುರ್ಚಿ ಎಳೆದು ಕೊಟ್ಟರು. "ಅವಳೊಬ್ಬಳಿಗೇ ಅಲ್ಲ ಅಧ್ಯಕ್ಷರೇ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೀಗೇ ಇದ್ದಾರೆ. ಅದನ್ನೇ ಯೋಜನೇಲಿ ಬರೀಬೇಕು ಅಂತಿದ್ದೀನಿ. ನೀವು ರುಜು ಹಾಕ್ತೀರಾ?"

ಊರಿನ ಮಾನ ಹೋಗುತ್ತದೆ ಎಂದು ಸಮಿತಿಯ ಗಂಡಸರು ಕೂಗಾಡಿದರು. "ಕಂದಿಕೆರೆ ಬಸ್ನಾಗೆ ಹೋಗಿರೋದು ನನ್ ಮಾನ, ನಿಮ್ದಲ್ಲ ಬುಡ್ರಪ್ಪಾ" ಎಂದು ರುಜು ಹಾಕಿದೆ.

ಮೇಡಂ ಬರೆದದ್ದು ಒಂದೇ ಕೆಲಸ. ವರ್ಷ ಮುಗಿಯುವುದರೊಳಗೆ ಪ್ರತಿ ಮಗುವೂ ಓದು ಬಾರದ ಒಬ್ಬರಿಗೆ ಒಂದು ಕಥೆ ಓದಿ ಹೇಳಬೇಕು. ಮೇಡಂ ಮಗುವನ್ನು ಕೇಳುವುದಿಲ್ಲ, ಕೇಳಿಸಿಕೊಂಡವರನ್ನು ಕೇಳುತ್ತಾರೆ. ಅವರಿಗೆ ತಿಳಿದಿದ್ದರೆ ಮಗುವಿಗೆ ಓದು ಬಂದಿದೆ. ಇಲ್ಲದಿದ್ದರೆ ಇಲ್ಲ.

ಓದು ಬಾರದವರಿಗೆ ನಮ್ಮಲ್ಲಿ ಬರವಿರಲಿಲ್ಲ. ಅಟ್ಟದಿಂದ ಇಳಿಸಿದ ಕಾಯಿಯ ಚಿಪ್ಪು ಒಡೆದು ಕೊಬ್ಬರಿ ಬಿಡಿಸಲು ನಾವು ಹೆಂಗಸರು ಶೆಡ್ಡಿನಲ್ಲಿ ಕೂರುತ್ತಿದ್ದೆವು. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೇ ಬರತೊಡಗಿದರು. ಒಬ್ಬೊಬ್ಬರ ಮುಂದೆ ಒಂದೊಂದು ಮಗು. ಆಮೇಲೆ ಮೇಡಂ ಬಂದು ಚಿಪ್ಪಿನ ರಾಶಿಯ ಪಕ್ಕ ಕೂತು ನಮ್ಮನ್ನು ಒಬ್ಬೊಬ್ಬರಾಗಿ ವಿಚಾರಿಸುವರು.

"ಮಕ್ಳು ಪಾಸಾಗ್ಬೇಕು ಅಂದ್ರೆ ನಾವ್ ಪರೀಕ್ಷೆ ಕೊಡ್ಬೇಕಲ್ಲಾ, ಇದ್ಯಾವ ನ್ಯಾಯ ಮೇಡಮ್ಮೋ" ಎಂದು ಪಕ್ಕದ ಮನೆಯವಳು ರೇಗಿಸುತ್ತಿದ್ದಳು.

"ನೀವು ಫೇಲಾದ್ರೂ ಊಟ ಹಾಕ್ತಾರೆ ಮನೇಲಿ. ಹೇಳಿ ಹೇಳಿ" ಎನ್ನುವರು ಮೇಡಂ.

ಒಂದೊಂದು ಮಗುವಾಗಿ ಓದು ಹತ್ತಿತು. ನನ್ನ ಮೊಮ್ಮಗಳಿಗೆ ಹತ್ತಲಿಲ್ಲ. ಬಾಯಿಪಾಠ ನಿಂತ ಮೇಲೆ ಅವಳ ಬಾಯೇ ನಿಂತುಹೋಯಿತು. ಒಂದು ಶನಿವಾರ ಕುಂಬಾರನ ಕತ್ತೆ ಕಳೆದುಹೋದ ಕಥೆ. ಒಂದೊಂದು ಅಕ್ಷರಕ್ಕೂ ಎಡವಿ, ಬೆವತು, ಅಂತೂ ಮುಗಿಸಿದಳು. ಅದೇ ಕಥೆಯನ್ನು ಪಕ್ಕದ ಮನೆಯ ಹುಡುಗ ಆಗಲೇ ಓದಿದ್ದ. ಕತ್ತೆ ಎಲ್ಲಿ ಹೋಯಿತು, ಹೇಗೆ ಸಿಕ್ಕಿತು, ಎಲ್ಲ ನನಗೆ ಗೊತ್ತು. ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು.

ಮೇಡಂ ಕೇಳಿದರು. "ಅಧ್ಯಕ್ಷರೇ, ಇವಳ ಕತ್ತೆ ಎಲ್ಲಿಗೆ ಹೋಯ್ತು?"

"ಇವಳ ಕತ್ತೆ ಮನೆಯಿಂದ್ಲೇ ಹೊರಡ್ಲಿಲ್ಲ ಕಣ್ರೀ ಮೇಡಂ."

ಶೆಡ್ಡೆಲ್ಲ ನಕ್ಕಿತು. ಹುಡುಗಿ ಪುಸ್ತಕ ಎಸೆದು ಓಡಿದಳು. (ಈ ಜಾಗ ಬಿಡೋಣ ಅಜ್ಜಿ ಎನ್ನುತ್ತಿದ್ದಾಳೆ. ಬರಿ ಎಂದಿದ್ದೇನೆ.) ಮೇಡಂ ನಗಲಿಲ್ಲ. ಎದ್ದು ಸೀರೆಗೆ ಅಂಟಿದ ನಾರು ಕೊಡವಿಕೊಂಡರು. "ನಿಜ ಹೇಳಿದ್ದು ಸರಿ ಅಧ್ಯಕ್ಷರೇ. ನಗಿಸಿದ್ದು ಬೇಡಿತ್ತು" ಎಂದು ಅವಳ ಹಿಂದೆಯೇ ಹೋದರು.

ಎಷ್ಟೋ ದಿನ ಹುಡುಗಿ ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನೂ ಕರೆಯಲಿಲ್ಲ. ಮೇಡಂ ಮಾತ್ರ ಯೋಜನೆಯನ್ನು ತಿದ್ದಿದರು. ಹಿಂದೆ ಬಿದ್ದ ಮಕ್ಕಳಿಗೆ ಕಥೆ ಆಮೇಲೆ, ಮೊದಲು ಬೋರ್ಡು. ಬೆಳಿಗ್ಗೆ ಬಸ್ಸು ಬರುವ ಹೊತ್ತಿಗೆ ಆ ಮಕ್ಕಳನ್ನು ಕರೆದುಕೊಂಡು ಸ್ಟಾಪಿಗೆ ಬಂದು ನಿಲ್ಲುವರು. ಬಸ್ಸು ತಿರುವಿನಲ್ಲಿ ಕಾಣಿಸಿದಾಗಲೇ ಓದಬೇಕು, ನಿಂತ ಮೇಲಲ್ಲ. ಡ್ರೈವರುಗಳೂ ನಿಧಾನ ಮಾಡುತ್ತಿದ್ದರು.

ಬೇಸಿಗೆಗೆ ಮುಂಚೆ ಯೋಜನೆ ಎಲ್ಲಿಗೆ ಬಂತೆಂದು ನೋಡಲು ಒಬ್ಬ ಸಾಹೇಬರು ಬಂದರು. ಕಾಗದ ನೋಡಿ ತಲೆ ಕೆರೆದುಕೊಂಡರು. "ಎಲ್ಲಾ ಶಾಲೇಲೂ ಪೂರ್ತಿ ಆಗಿದೆ ಮೇಡಂ. ನಿಮ್ದು ಮಾತ್ರ ಅರ್ಧಂಬರ್ಧ. ಉಳಿದವ್ರದ್ದೂ ಆಯ್ತು ಅಂತ ಬರೀರಿ, ನಂಗೂ ಸಲೀಸು."

"ಆಯ್ತು ಅಂತ ಬರೆದುಬಿಟ್ರೆ ಈ ಮಕ್ಕಳಿಗೆ ಮುಂದಿನ ವರ್ಷ ಯಾರೂ ಕಲಿಸಲ್ಲ ಸರ್."

ಸಾಹೇಬರು ನನ್ನ ಕಡೆ ತಿರುಗಿದರು. "ಅಜ್ಜಿ, ಓದು ಬರದೆ ಇರೋರಲ್ಲಿ ನಿಮ್ಮ ಮೊಮ್ಮಗಳ ಹೆಸರೂ ಇದೆ, ಗೊತ್ತಾ?"

"ನಾನೇ ಬರ್ಸಿರೋದು ಕಣ್ರೀ ಸಾಹೇಬ್ರೆ."

ಆ ಬೇಸಿಗೆಯಲ್ಲಿ ಮೇಡಂಗೆ ವರ್ಗವಾಯಿತು. ಶಿಕ್ಷೆಯೇನಲ್ಲ. ಅವರೇ ತಮ್ಮ ಊರಿನ ಕಡೆ ಕೇಳಿಕೊಂಡಿದ್ದರು. ಹೊರಡುವ ದಿನ ಶೆಡ್ಡಿಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿದರು. "ಅವಳು ಓದಿದ ದಿನ ಹೇಳಿ ಕಳಿಸಿ. ನಿಮಗೇನು ತಿಳೀತು ಅಂತಾನೂ ಹೇಳಿ" ಎಂದರು. ಇಷ್ಟೇ...

ಅವಳು ಓದಿದ್ದು ಮಳೆಗಾಲದಲ್ಲಿ. ಬೆಲ್ಲ ಕಟ್ಟಿಕೊಟ್ಟ ಹಳೇ ಪೇಪರನ್ನು ಬಿಡಿಸಿ, ನಾನು ಕೇಳದಿದ್ದರೂ, ಒಲೆ ಮುಂದೆ ಕೂತು ಓದಿದಳು. ಯಾವುದೋ ಊರಿನಲ್ಲಿ ಗಬ್ಬದ ಎಮ್ಮೆಯೊಂದು ಬಾವಿಗೆ ಬಿದ್ದಿತ್ತು. ಊರವರು ಹಗ್ಗ ಹಾಕಿ ಎತ್ತಿದರು. ಮಾರನೇ ದಿನ ಅದು ಕರು ಹಾಕಿತು. ಎಲ್ಲ ತಿಳಿಯಿತು. ಹಗ್ಗ ಒಂದು ಸಲ ಕಿತ್ತುಹೋದದ್ದೂ ತಿಳಿಯಿತು. ಆದರೆ ಏನು ತಿಳಿಯಿತು ಎಂದು ಕೇಳುವವರು ಯಾರೂ ಇರಲಿಲ್ಲ. ಹೊಸ ಮೇಷ್ಟ್ರ ಕೈಲಿ ಮೇಡಂಗೆ ಹೇಳಿ ಕಳಿಸಿದೆ. ಮುಟ್ಟಿತೋ ಇಲ್ಲವೋ...

ಈಗ ಮೊಮ್ಮಗಳು ತಿಪಟೂರಿನಲ್ಲಿ ಡಿಗ್ರಿ ಓದುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಶಾಲೆಗೆ ಕಾಂಪೌಂಡೂ ಆಗಿದೆ. ಚೆನ್ನಾಗಿದೆ. ಶನಿವಾರ ಶೆಡ್ಡಿಗೆ ಮಕ್ಕಳು ಬರುವುದು ಮೇಡಂ ಹೋದ ಮೇಲೆ ನಿಂತೇಹೋಯಿತು.

ಹೋದ ಸೋಮವಾರ ಆ ವಾಸನೆಗೆ ಪಕ್ಕದವಳನ್ನು ಮಾತಾಡಿಸಿದೆ. ಅವಳೂ ಟೀಚರ್ರೇ. ನಮ್ಮ ಹೆಡ್ ಮೇಡಂ ಜೊತೆ ಆಮೇಲೆ ಕೆಲಸ ಮಾಡಿದ್ದಳಂತೆ. "ಅವರು ತೀರಿಹೋಗಿ ಎರಡು ವರ್ಷ ಆಯ್ತಲ್ಲಜ್ಜಿ, ನಿಮಗೆ ಗೊತ್ತಿಲ್ವಾ?" ಎಂದಳು. ಎಮ್ಮೆ ವಿಷಯ ಅವರಿಗೆ ಮುಟ್ಟಿತ್ತೇ ಎಂದು ಕೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಅವಳ ಸ್ಟಾಪು ಬಂತು. ವಾಸನೆ ಮಾತ್ರ ಸೀಟಿನಲ್ಲಿ ಸ್ವಲ್ಪ ಹೊತ್ತು ಇತ್ತು.

ಮಾರನೇ ಬೆಳಿಗ್ಗೆ ಶೆಡ್ಡಿನಲ್ಲಿ ಚಿಪ್ಪು ಒಡೆಯುತ್ತಾ ಕೂತಿದ್ದೆ. ಪಕ್ಕದ ಮನೆಯವಳ ಮೊಮ್ಮಗಳು ಬ್ಯಾಗು ನೇತುಹಾಕಿಕೊಂಡು ಶಾಲೆಗೆ ಹೊರಟಿದ್ದಳು. "ಬಾರೇ ಇಲ್ಲಿ, ಏನಾದ್ರೂ ಓದು" ಎಂದು ಕೂರಿಸಿಕೊಂಡೆ. ಓದಿದಳು. ನನಗೆ ಒಂದೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದೇ ಹೇಳಿದೆ, ನಗಲಿಲ್ಲ. ನಾಳೆಯೂ ಬಾ ಎಂದೆ.