ನಾನು ಎತ್ತಿಕೊಟ್ಟ ಮಾತು

1998ರಲ್ಲಿ ನಾನು ದಾವಣಗೆರೆಯ ಒಂದು ಹವ್ಯಾಸಿ ನಾಟಕ ತಂಡದ ನಿರ್ದೇಶಕನಾಗಿದ್ದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಕಂಪನಿ ನಾಟಕಗಳಲ್ಲಿ ಪ್ರಾಂಪ್ಟರ್ ಆಗಿದ್ದವನು. ರಂಗದ ಪಕ್ಕದ ಮರೆಯಾದ ಸೈಡ್ ವಿಂಗ್‌ನಲ್ಲಿ ಸ್ಕ್ರಿಪ್ಟ್ ಹಿಡಿದು ನಿಂತು, ಮಾತು ಮರೆತ ನಟರಿಗೆ ಮೆಲ್ಲಗೆ ಎತ್ತಿಕೊಡುವುದು ಪ್ರಾಂಪ್ಟರ್‌ನ ಕೆಲಸ. ಅದು ನನ್ನ ಹುಟ್ಟುಗುಣವೇನಲ್ಲ, ಆದರೂ ಸುಟ್ಟರೂ ಹೋಗಲಿಲ್ಲ. ನಿರ್ದೇಶಕನಾದ ಮೇಲೂ ಪ್ರದರ್ಶನದ ದಿನ ವಿಂಗ್ ಬಿಟ್ಟು ಕದಲುತ್ತಿರಲಿಲ್ಲ.

ಆ ವರ್ಷ ಐದು ಮಂದಿ ಲಿಂಗತ್ವ ಅಲ್ಪಸಂಖ್ಯಾತರ ಬದುಕನ್ನೇ ನಾಟಕ ಮಾಡಲು ಹೊರಟೆವು. ಆ ಪದ ಆಗ ನಮಗಿನ್ನೂ ಗೊತ್ತಿರಲಿಲ್ಲ. ಊರು ಅವರನ್ನು ಕರೆಯುತ್ತಿದ್ದ ಹೆಸರುಗಳನ್ನು ಇಲ್ಲಿ ಬರೆಯಲಾರೆ. ಕರೂರು ಕೈಗಾರಿಕಾ ಪ್ರದೇಶದ ಖಾಲಿ ಶೆಡ್ಡೊಂದರಲ್ಲಿ ಕೂತು ಅವರು ಹೇಳಿದ್ದನ್ನು ಟೇಪ್ ಮಾಡಿಕೊಂಡು, ಅದನ್ನೇ ಸ್ಕ್ರಿಪ್ಟ್ ಆಗಿ ಬರೆದೆ. ಅವರ ಪಾತ್ರವನ್ನು ಅವರೇ ಮಾಡಬೇಕಿತ್ತು. ನಾಟಕದ ಜೀವಾಳ ಆ ಐವರಲ್ಲಿ ಒಬ್ಬಳಾದ ರತ್ನಾಳ ದೃಶ್ಯ. ಸೀರೆ ಉಟ್ಟಿದ್ದಕ್ಕೆ ಅಣ್ಣ ಅವಳನ್ನು ಹೊಡೆದು ಮನೆಯಿಂದ ಹೊರಹಾಕಿದ್ದ.

ರತ್ನಾಳ ಊರಾದ ಹರಿಹರದ ಪ್ರದರ್ಶನಕ್ಕೆ ಇನ್ನು ಕಾಲು ಗಂಟೆ ಇತ್ತು. ಪರದೆಯ ಸಂದಿಯಲ್ಲಿ ಇಣುಕಿದ ರತ್ನಾ ಬಿಳಿಚಿಕೊಂಡು ನನ್ನ ಬಳಿ ಬಂದಳು.

“ಸರ್, ನಮ್ಮಣ್ಣ ಬಂದಾನೆ. ಮೂರನೇ ಸಾಲಾಗೆ ಕುಂತಾನೆ. ಆ ಸೀನು ಬ್ಯಾಡ್ರಿ.”

ಅವಳ ಅವ್ವ ಹಾಸಿಗೆ ಹಿಡಿದು ತಿಂಗಳಾಗಿತ್ತು. ನೋಡಲು ಬರಲೇ ಎಂದು ರತ್ನಾ ಯಾರ ಕೈಲೋ ಕೇಳಿಸಿದ್ದಕ್ಕೆ, ‘ನಾಟಕ ನೋಡಿ ಆಮೇಲೆ ಹೇಳ್ತೀನಿ’ ಎಂದು ಅಣ್ಣ ಹೇಳಿಕಳಿಸಿದ್ದ.

“ಅದನ್ನೇ ತೆಗೆದ್ರೆ ನಾಟಕದಾಗೆ ಏನು ಉಳೀತೈತೆ?” ಎಂದು ನಾನು ರೇಗಿದೆ.

“ನಿಮಗೆ ಒಂದು ಸೀನು ಹೋಗ್ತೈತ್ರಿ. ನನಗೆ ಅವ್ವ ಹೋಗ್ತಾಳೆ.”

ಆಯಿತು, ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಮುಂದಿನ ಮಾತಿಗೆ ಹೋಗು ಎಂದೆ.

ಆ ಜಾಗ ಬಂತು. ರತ್ನಾ ಸುಮ್ಮನೆ ನಿಂತಳು. ನನ್ನ ಕಣ್ಣು ಸ್ಕ್ರಿಪ್ಟಿನ ಮೇಲಿತ್ತು. “ಅಣ್ಣಾ, ಹೊಡೀಬ್ಯಾಡೋ” ಎಂದು ಎತ್ತಿಕೊಟ್ಟೆ. ಅವಳು ತುಟಿ ಬಿಚ್ಚಲಿಲ್ಲ. ಇನ್ನೂ ಜೋರಾಗಿ ಎತ್ತಿಕೊಟ್ಟೆ. ಚಿಕ್ಕ ಸಭಾಂಗಣ, ಮುಂದಿನ ಸಾಲುಗಳವರೆಲ್ಲ ವಿಂಗ್ ಕಡೆ ತಿರುಗಿದರು. ಮೂರನೇ ಸಾಲಿನಿಂದ ಅಣ್ಣ ಎದ್ದು ಹೊರನಡೆದ. ರತ್ನಾ ಅದನ್ನು ನೋಡಿದಳು. ಆದರೂ ನಾಟಕ ಮುಗಿಸಿಯೇ ಇಳಿದಳು. ನನ್ನನ್ನು ದಾಟಿಕೊಂಡು ಹೊರಗೆ ಹೋದಳು.

ಪ್ರಾಂಪ್ಟರ್‌ನ ಅಭ್ಯಾಸಬಲ ಎಂದು ತಂಡದವರಿಗೆ ಹೇಳಿಕೊಂಡೆ. ಅದು ಅರ್ಧ ಸುಳ್ಳು. ಆ ದೃಶ್ಯ ನನಗೆ ಬೇಕಿತ್ತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ, ತಪ್ಪು ನನ್ನದೆಂದು ನಾನೇ ಹೇಳುತ್ತೇನೆ ಎಂದು ರತ್ನಾಳನ್ನು ಕಾಡಿ ಬೇಡಿ ಅಣ್ಣನ ಮನೆಗೆ ಕರೆದೊಯ್ದೆ. ಹೊಸ್ತಿಲಲ್ಲಿ ನಿಂತಿದ್ದ ಅವನು ನನ್ನ ಮಾತು ಪೂರ್ತಿ ಕೇಳಲಿಲ್ಲ.

“ಹೊಡದೋನು ನಾನೇರಿ. ಊರ ಮುಂದೆ ಹೇಳ್ತಾಳೆ ಅಂತ ಜೀವ ಕೈಯಾಗೆ ಹಿಡಕಂಡು ಕುಂತಿದ್ದೆ. ನೀವು ಎರಡು ಸಲ ಹೇಳಿಕೊಟ್ರೂ ಇವಳು ಬಾಯಿ ಬಿಡ್ಲಿಲ್ಲ. ಕುಂತಿರಾಕೆ ಆಗ್ಲಿಲ್ಲ ನನಗೆ, ಎದ್ದು ಬಂದೆ.”

ರತ್ನಾಳ ಮುಖ ನೋಡದೆ ಪಕ್ಕಕ್ಕೆ ಸರಿದ. “ಅವ್ವ ಒಳಗೆ ಅದಾಳೆ. ಹೋಗು.”

ನಾನೂ ಚಪ್ಪಲಿ ಬಿಟ್ಟೆ.

“ನೀವು ಇಲ್ಲೇ ಇರ್ರಿ” ಎಂದ.

ಮುಕ್ಕಾಲು ಗಂಟೆ ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆ. ಆಮೇಲೆಯೂ ಇಂಥ ನಾಟಕಗಳನ್ನು ಬಹಳ ಮಾಡಿದೆ. ಆದರೆ ಟೇಪ್ ಒತ್ತುವ ಮೊದಲು, ಯಾವುದನ್ನು ಹೇಳಬಾರದು ಎಂದು ಕೇಳಿ ಬರೆದುಕೊಳ್ಳುವುದನ್ನು ಅಂದೇ ಕಲಿತೆ. ಆ ದಿನ ಒಳಗೆ ಅವ್ವ ಮಗಳು ಏನು ಮಾತಾಡಿಕೊಂಡರೋ, ರತ್ನಾ ಇವತ್ತಿಗೂ ಹೇಳಿಲ್ಲ. ನಾನೂ ಕೇಳಿಲ್ಲ.