ಮಾನಿಟರಿನ ಮೇಲಿನ ಗೋಂದಿನ ಗುರುತು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಉತ್ಸಾಹ ಅದಕ್ಕಿಂತ ಒಂದು ಅಂಗುಲ ಮುಂದೆ. ಸಕಲೇಶಪುರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವಳು ನಾನು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಟೈಪ್‌ರೈಟರುಗಳನ್ನು ಗೋಡೆಗೆ ಸರಿಸಿ ನಾಲ್ಕು ಹಳೆಯ ಕಂಪ್ಯೂಟರ್ ತಂದು ಕೂರಿಸಿದ್ದೆ. ಅವುಗಳಲ್ಲಿದ್ದದ್ದು ಮುಕ್ತ ತಂತ್ರಾಂಶ. ಎಲ್ಲೆಲ್ಲೋ ಕೂತ ಹತ್ತಾರು ಜನ ಸಂಬಳವಿಲ್ಲದೆ ಕಟ್ಟುತ್ತಿದ್ದದ್ದು, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದದ್ದು. ಅದರ ಪರದೆಯ ಮೇಲಿನ ಮಾತುಗಳನ್ನು ಕನ್ನಡಕ್ಕೆ ತರುವ ಗುಂಪಿನಲ್ಲಿ ನಾನೂ ಒಬ್ಬಳು. ನಾನು ಬರೆದ ಪದ ಪರದೆಯ ಮೇಲೆ ಮೊದಲ ಸಲ ಮೂಡಿದ ದಿನ ಸಿಕ್ಕಸಿಕ್ಕವರಿಗೆಲ್ಲ ಬೈಟು ಕಾಫಿ ಕುಡಿಸಿದ್ದೆ.

ಒಂದು ದಿನ ತಂತ್ರಾಂಶ ಕಟ್ಟುವವರಿಂದ ಗುಂಪಿಗೆ ಮಿಂಚಂಚೆ ಬಂತು. ಅಡ್ಡ ಉದ್ದ ಗೆರೆಗಳ ಮನೆಗಳಲ್ಲಿ ಲೆಕ್ಕ ಬರೆಯುವ ಶೀಟಿನ ತಂತ್ರಾಂಶದ ಮುಖವನ್ನೇ ಹೊಸದಾಗಿ ಮಾಡುತ್ತೇವೆ, ಬಳಸುವವರಿಗೆ ಏನೇನು ಕಷ್ಟ ಎಂದು ಕೇಳಿ ಬರೆಯಿರಿ ಎಂದಿತ್ತು. ಓದಿ ಮುಗಿಸುವ ಮೊದಲೇ 'ನಾನು ಕೇಳುತ್ತೇನೆ' ಎಂದು ಉತ್ತರಿಸಿದೆ. ಆಲೂರು, ಸಕಲೇಶಪುರದ ಸುತ್ತ ಹದಿನೈದು ಕಡೆ ನಾನೇ ಅದನ್ನು ಹಾಕಿಕೊಟ್ಟಿದ್ದೆ. ಇಪ್ಪತ್ತು ಪ್ರಶ್ನೆಗಳ ಹಾಳೆ ತಯಾರಿಸಿ, ಮೇಲೆ ಹೆಸರು, ಊರು, ಎಸ್ಟೇಟ್ ಎಂದು ಗೆರೆ ಎಳೆದು, ಜೀಪು ಹತ್ತಿದೆ.

ಹಾನುಬಾಳಿನ ಆಚೆಯ ಒಂದು ಎಸ್ಟೇಟಿನ ರೈಟರು ನನ್ನ ಪಟ್ಟಿಯಲ್ಲಿ ಮೊದಲಿಗರು. ಎಸ್ಟೇಟಿನ ಬರವಣಿಗೆಯೆಲ್ಲ ಅವರದೇ. ಐವತ್ತು ದಾಟಿದ, ಇಸ್ತ್ರಿ ಮಾಡಿದ ಅಂಗಿಯ, ಮುತ್ತಿನಂಥ ಅಕ್ಷರದ ಮನುಷ್ಯ. ಅವರ ಹೆಮ್ಮೆ ಎಂದರೆ ಮಳೆ ಪುಸ್ತಕ. ದಿನಾ ಬೆಳಿಗ್ಗೆ ಮಳೆ ಗೇಜಿನ ನೀರು ಅಳೆದು ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಎಂದು ಬರೆಯುವುದು. ನಮ್ಮ ಕಡೆ ಇಬ್ಬರು ತೋಟದವರು ಸಿಕ್ಕರೆ ಮೊದಲು ಕೇಳುವುದೇ ನಿಮ್ಮಲ್ಲಿ ಎಷ್ಟು ಸೆಂಟು ಬಿತ್ತು ಎಂದು. ಆಮೇಲೆ ಹೆಂಡತಿ ಮಕ್ಕಳ ಸಮಾಚಾರ. ಇಪ್ಪತ್ತು ವರ್ಷದ ಆ ಮಳೆಯನ್ನೆಲ್ಲ ಕಂಪ್ಯೂಟರಿಗೆ ಹಾಕಿ ಎಂದು ಎಸ್ಟೇಟಿನ ಸಾಹುಕಾರರು ಅಪ್ಪಣೆ ಮಾಡಿದ್ದರು.

"ಹೇಗಿದೆ ರೈಟ್ರೇ? ಕಷ್ಟ ಏನಾದ್ರೂ?" ಎಂದೆ.

"ಚೆನ್ನಾಗೈತೆ ಮೇಡಂ. ಏನೂ ತೊಂದ್ರೆ ಇಲ್ಲ."

ಇಪ್ಪತ್ತು ಪ್ರಶ್ನೆಗೂ ಅದೇ ಉತ್ತರ. ಹೋಗಲಿ ಎಂದರೆ ಕೆ. ಹೊಸಕೋಟೆಯಲ್ಲೂ ಚೆನ್ನಾಗೈತೆ, ದೋಣಿಗಲ್‌ನಲ್ಲೂ ಚೆನ್ನಾಗೈತೆ. ಹದಿನೈದು ಹಾಳೆ, ಹದಿನೈದೂ ಮದುವೆಯ ಅಭಿನಂದನಾ ಪತ್ರಗಳು. ಗುಂಪಿಗೆ ಕಳಿಸಿದರೆ, 'ನಿಮ್ಮವರಿಗೆ ಕಷ್ಟವೇ ಇಲ್ಲವಲ್ಲ, ಹಾಗಾದರೆ ಬದಲಾಯಿಸುವುದೇನು?' ಎಂದು ಒಬ್ಬ ಬರೆದ. ಮೈ ಉರಿದುಹೋಯಿತು. ಅವನ ಮೇಲಲ್ಲ, ಈ ಹದಿನೈದು ಜನರ ಮೇಲೆ. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ ಎಂದು ಬೈಯುತ್ತಿದ್ದುದು ಜೀಪಿನ ಡ್ರೈವರನ ಕಿವಿಗೆ ಬಿತ್ತು.

"ನೀವು ಹೆಸ್ರು ಬರ್ಕೊಂಡು ಕಷ್ಟ ಐತಾ ಅಂತ ಕೇಳಿದ್ರೆ ಯಾರ್ ಹೇಳ್ತಾರೆ ಮೇಡಂ?" ಎಂದ. "ಆ ರೈಟ್ರು ಪಾಪ ಹೆದ್ರುಕೊಂಡ್ಬುಟ್ಟವ್ರೆ. ಮಾರ್ಚ್ ತಿಂಗ್ಳಲ್ಲಿ ಕಾಫಿ ಹೂ ಅರಳ್ಸೋ ಮಳೆನ ಏಪ್ರಿಲ್ಗೆ ಬರ್ದವ್ರಂತೆ. ಮಳೆಗಾಲ ಮುಗಿಯೋದ್ರೊಳ್ಗೆ ಕಂಪ್ಯೂಟರ್ ಸರಿಯಾಗಿ ಬರ್ಲಿಲ್ಲ ಅಂದ್ರೆ ಬೇರೆಯವ್ರನ್ನ ಹಾಕ್ತೀನಿ ಅಂದವ್ರಂತೆ ಸಾವ್ಕಾರ್ರು. ನೀವು ಪರೀಕ್ಷೆ ಮಾಡೋಕೆ ಬಂದವ್ರು ಅಂತ್ಲೇ ಅವ್ರು ಅಂದ್ಕೊಂಡಿರೋದು."

ನನ್ನ ಉತ್ಸಾಹವೆಲ್ಲ ಒಮ್ಮೆಗೇ ಇಳಿಯಿತು. ಕೆಲಸ ಹೋದರೆ ಸ್ಟೋರಿನ ಪಕ್ಕದಲ್ಲಿ ಎಸ್ಟೇಟು ಕೊಟ್ಟ ಮನೆಯೂ ಹೋಗುತ್ತದೆ. ಹಾಗಿರುವ ಮನುಷ್ಯನ ಮುಂದೆ ಹಾಳೆ ಹಿಡಿದು, 'ನಿಮಗೆ ಏನು ಬರುವುದಿಲ್ಲ ಬರೆಯಿರಿ, ಮೇಲೆ ಹೆಸರು ಹಾಕಿ' ಎಂದಿದ್ದೆನಲ್ಲ! ನಾಚಿಕೆಯಾಯಿತು.

ಮಾರನೆಯ ವಾರ ಹಾಳೆ ಪೆನ್ನು ಏನೂ ಇಲ್ಲದೆ ಹೋದೆ. ಬಾಗಿಲಲ್ಲಿ ನನ್ನನ್ನು ಕಂಡವರೇ ರೈಟರು ಮಾನಿಟರಿನಿಂದ ಏನೋ ಕಿತ್ತು ಜೇಬಿಗೆ ತುರುಕಿಕೊಂಡರು. ಹತ್ತಿರ ಹೋಗಿ ನೋಡಿದರೆ ಗಾಜಿನ ಮೇಲಂಚಿನಲ್ಲಿ ಎರಡೂ ಕಡೆ ಗೋಂದು, ಇನ್ನೂ ಹಸಿ.

"ಇದೇನ್ ರೈಟ್ರೇ?"

"ಅದಾ... ಹಲ್ಲಿ ಕಾಟ ಮೇಡಂ."

"ಹಲ್ಲಿಗೆ ಗೋಂದು ಎಲ್ಲಿ ಸಿಕ್ತು ಮಾರಾಯ್ರೆ?" ಎಂಬುದು ಬಾಯಿಯವರೆಗೂ ಬಂತು, ಹೇಗೋ ನುಂಗಿಕೊಂಡೆ. ನನ್ನ ಜೀವಮಾನದಲ್ಲಿ ನಾನು ಮಾತು ನುಂಗಿದ್ದು ಲೆಕ್ಕಕ್ಕೆ ಸಿಗುವಷ್ಟೇ ಸಲ. ಕುರ್ಚಿ ಎಳೆದುಕೊಂಡು, "ನಿಮ್ಗೇನೂ ತೊಂದ್ರೆ ಇಲ್ಲ, ಗೊತ್ತು. ಬೇರೆ ಎಸ್ಟೇಟಿನ ರೈಟರುಗಳು ಏನಾದ್ರೂ ಹೇಳ್ತಿರ್ತಾರಾ?" ಎಂದೆ.

ಅಷ್ಟೇ ಸಾಕಾಯಿತು. "ದೋಣಿಗಲ್ ಕಡೆ ಒಬ್ರು ಅವ್ರೆ ಮೇಡಂ," ಎಂದು ಶುರುಮಾಡಿದರು. "ತಾರೀಕು ಉದ್ದಕ್ಕೆ, ತಿಂಗ್ಳು ಅಡ್ಡಕ್ಕೆ ಬರೀತಾರೆ. ಪುಸ್ತಕದಲ್ಲಿ ಮೂವತ್ತೊಂದು ಸಾಲೂ ಒಂದೇ ಪುಟ. ಇಲ್ಲಿ ಕನ್ನಡ ಅಕ್ಷರ ದಪ್ಪ, ಹದಿನೆಂಟ್ನೇ ತಾರೀಕಿಗೇ ಪರದೆ ಮುಗ್ದೋಗ್ತೈತೆ. ಕೆಳಕ್ಕೆ ಸರ್ಸಿದ್ರೆ ಮೇಲಿನ ತಿಂಗ್ಳ ಹೆಸ್ರು ಮಾಯ. ಯಾವುದು ಮಾರ್ಚು, ಯಾವುದು ಏಪ್ರಿಲ್ಲು ಅಂತ ಹೆಂಗೆ ಗೊತ್ತಾಗ್ತದೆ? ಅದ್ಕೇ ಪಾಪ, ತಿಂಗ್ಳ ಹೆಸ್ರೆಲ್ಲ ಒಂದು ಚೀಟಿಲಿ ಬರ್ದು ಗಾಜಿಗೆ ಅಂಟಿಸ್ಕೊಂಡವ್ರೆ."

ಕುರ್ಚಿಯಿಂದ ಎದ್ದೇ ಬಿಟ್ಟೆ. ಆ ಖುಷಿಯನ್ನು ಹೇಗೆ ಹೇಳುವುದು? ಹದಿನೈದು ಹಾಳೆಯಲ್ಲಿ ಸಿಗದ್ದು ಅವರ ಜೇಬಿನಲ್ಲಿತ್ತು. ತಂತ್ರಾಂಶಕ್ಕೆ ಇಲ್ಲದ ತಲೆಬರಹವನ್ನು ಈ ಮನುಷ್ಯ ಕಾಗದದಿಂದ ಮಾಡಿ ಅಂಟಿಸಿದ್ದರು! "ಆ ದೋಣಿಗಲ್ ರೈಟ್ರು ಭಾರೀ ಬುದ್ಧಿವಂತ್ರು ಬಿಡಿ," ಎಂದೆ. ಇವರ ಕಿವಿ ಕೆಂಪಾಯಿತು.

ಆ ಸಂಜೆ ಇಂಟರ್ನೆಟ್ಟಿಗೆ ಹಚ್ಚಿದ ಫೋನಿನ ಲೈನು ಐದು ಸಲ ಕೈಕೊಟ್ಟಿತು. ಆರನೆಯ ಸಲಕ್ಕೆ ಎಲ್ಲವನ್ನೂ ಬರೆದೆ, ಮಾನಿಟರಿನ ಚಿತ್ರವನ್ನು ಚೀಟಿ ಸಮೇತ ಬಿಡಿಸಿ ಕಳಿಸಿದೆ. ರೈಟರ ಹೆಸರು, ಊರು, ಎಸ್ಟೇಟು ಯಾವುದನ್ನೂ ಬರೆಯಲಿಲ್ಲ. 'ತಲೆಬರಹ ನಿಲ್ಲಿಸುವ ಸೌಲಭ್ಯ ಇದೆಯಲ್ಲ' ಎಂದು, ಮೊದಲು 'ಬದಲಾಯಿಸುವುದೇನು' ಎಂದಿದ್ದ ಮಹಾಶಯನೇ ಉತ್ತರಿಸಿದ. ಇತ್ತು, ಮೆನುವಿನ ಪಟ್ಟಿಯೊಳಗಿನ ಪಟ್ಟಿಯೊಳಗೆ. ಅದರ ಹೆಸರನ್ನು ಕನ್ನಡಕ್ಕೆ ತಂದವಳು ನಾನೇ, ಆದರೆ ಅದು ಏನು ಮಾಡುತ್ತದೆಂದು ನನಗೇ ಗೊತ್ತಿರಲಿಲ್ಲ! ಮಾಡಿ ನೋಡಿದೆ, ಸರಿಯಾದ ಮನೆಯಲ್ಲಿ ನಿಂತು ಒತ್ತದಿದ್ದರೆ ಬೇರೆ ಸಾಲು ನಿಲ್ಲುತ್ತಿತ್ತು. ಎರಡು ಸಲ ತಪ್ಪಿದೆ. 'ಇದ್ದರೆ ಸಾಕೇ? ಸಿಗಬೇಡವೇ?' ಎಂದು ದಪ್ಪಕ್ಷರದಲ್ಲಿ ಬರೆದು ಹಾಕಿದೆ.

ಗುಂಪು ಎದ್ದು ಕೂತಿತು. ಬೆಳಗಾಗುವಷ್ಟರಲ್ಲಿ ಹನ್ನೆರಡು ಉತ್ತರ. ಆ ಚೀಟಿಯಂತೆಯೇ ಕಾಣುವ ಒಂದು ದಪ್ಪ ಗೆರೆ ಇರಲಿ, ಅದನ್ನು ಕೆಳಕ್ಕೆಳೆದು ಎಲ್ಲಿ ಬಿಟ್ಟರೆ ಅದರ ಮೇಲಿನದು ಅಲ್ಲೇ ನಿಲ್ಲಲಿ ಎಂದು ಒಬ್ಬಳು ಬರೆದಳು. ವಾರಕ್ಕೊಂದು ಚಿತ್ರ ಬರುತ್ತಿತ್ತು, ನಾನು ವಾರಕ್ಕೊಮ್ಮೆ ಹಾನುಬಾಳಿಗೆ ಓಡುತ್ತಿದ್ದೆ. ರೈಟರು 'ಅವರಿಗೆ' ಇದು ಸರಿಹೋಗುತ್ತದೆ, ಇದು ಸರಿಹೋಗಲ್ಲ ಎನ್ನುತ್ತಿದ್ದರು. ಮಳೆಗಾಲ ಮುಗಿಯುತ್ತ ಬಂತು, ಹೊಸ ಆವೃತ್ತಿಯ ಸುಳಿವಿಲ್ಲ. ಕೊನೆಗೆ ಸೆಪ್ಟೆಂಬರಿನಲ್ಲಿ ಅದು ಬಂದಾಗ ಸೀಡಿಗೆ ಹಾಕಿಕೊಂಡು, ಸೆರಗಿನಲ್ಲಿ ಸುತ್ತಿ, ಮೊದಲ ಜೀಪಿಗೇ ಹೊರಟೆ.

ರೈಟರು ಗೆರೆ ಎಳೆದು ಬಿಟ್ಟರು. ಮೂವತ್ತೊಂದನೇ ತಾರೀಕಿಗೆ ಇಳಿದರು. ತಿಂಗಳುಗಳು ಮೇಲೆ ನಿಂತೇ ಇದ್ದವು. ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಅಷ್ಟರಲ್ಲಿ ಸಾಹುಕಾರರು ಬಾಗಿಲಲ್ಲಿ ನಿಂತಿದ್ದರು.

"ಏನ್ ರೈಟ್ರೇ, ಹೆಂಗಿದೆ ಹೊಸದು?"

ಚೆನ್ನಾಗೈತೆ ಅಂದುಬಿಡುತ್ತಾರೆ ಎಂದುಕೊಂಡೆ. ರೈಟರು ಒಮ್ಮೆ ಪರದೆ ನೋಡಿದರು.

"ಮೇಲಿಂದು ನಿಂತ್ಕೊಳ್ತೈತೆ ಸಾವ್ಕಾರ್ರೆ. ಆದ್ರೆ ಆಗಸ್ಟ್ ದಾಟಿ ಪಕ್ಕಕ್ಕೆ ಹೋದ್ರೆ ತಾರೀಕು ಓಡೋಗ್ತೈತೆ. ನಂಗೆ ಕಷ್ಟ ಆಗ್ತೈತೆ."

ಸಾಹುಕಾರರು ಒಳಗೆ ಬಂದು, ಖಾಲಿ ಕುರ್ಚಿ ಇಲ್ಲದ್ದರಿಂದ ಗೋಣಿಚೀಲದ ಕಟ್ಟಿನ ಮೇಲೆ ಕೂತು, ಕನ್ನಡಕ ಹಾಕಿಕೊಂಡರು. "ಮಾರ್ಚಿನ ಮಳೆ ತಪ್ಪಿದ್ದೂ ಹಿಂಗೇನಾ? ಅವತ್ತೇ ಹೇಳ್ಬಾರ್ದಿತ್ತೇನ್ರೀ?"

"ಅವತ್ತು ಬೈದ್ರಿ, ಯಾಕೆ ಅಂತ ಕೇಳ್ಲಿಲ್ಲ. ಕೇಳಿದ್ದು ಇವತ್ತೇ," ಎಂದು ರೈಟರು ಮೌಸನ್ನು ಅವರ ಕಡೆ ಸರಿಸಿದರು.